ಮಳೆಗೆ ಮೊದಲೇ ಚಿಗುರುವ ಮರಗಳು: ಬಂಡೀಪುರದ ಕಾಡಿನ ಬಗ್ಗೆ ಒಂದು ಪ್ರಶ್ನೆ

ಹಂಗಳದ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗುವ ರಸ್ತೆಗೆ ಹತ್ತಿರದ ಊರೊಂದರಲ್ಲಿ ನಾನು ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಬೇಸಿಗೆಯಲ್ಲಿ ನೀರು ಉಳಿಸಿಕೊಳ್ಳುವುದಕ್ಕಾಗಿ ಎಲೆಯುದುರು ಕಾಡಿನ ಮರಗಳು ಎಲೆ ಕಳಚುತ್ತವೆ, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತವೆ ಎಂದು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು, "ಹಾಗಾದರೆ ಯುಗಾದಿಯ ಹೊತ್ತಿಗೆ ಹೊಂಗೆ ಅಷ್ಟು ಹಸಿರಾಗಿರುವುದು ಹೇಗೆ ಸರ್? ಆಗಿನ್ನೂ ಮಳೆಯೇ ಬಂದಿರುವುದಿಲ್ಲವಲ್ಲ" ಎಂದು ಕೇಳಿದಳು. ನನ್ನಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ.

ಅಂದಿನಿಂದ ಆ ಪ್ರಶ್ನೆಯನ್ನು ಇಟ್ಟುಕೊಂಡೇ ಕಾಡಂಚಿನ ಮರಗಳನ್ನು ನೋಡುತ್ತಿದ್ದೇನೆ. ಶಿವರಾತ್ರಿಯ ಆಸುಪಾಸಿನಲ್ಲಿ, ನೆಲದಲ್ಲಿ ಎಲ್ಲಿಯೂ ಹಸಿಯಿಲ್ಲದಾಗ, ಮುತ್ತುಗವು ಒಂದೂ ಎಲೆಯಿಲ್ಲದೆ ಮೈತುಂಬ ಹೂ ಬಿಡುತ್ತದೆ, ಬೂರುಗವೂ ಹಾಗೆಯೇ. ಮಾರ್ಚ್ ತಿಂಗಳಲ್ಲಿ ಸಾಗಡೆಯ ಮರ ಕೆಂಪು ಚಿಗುರು ತಳೆಯುತ್ತದೆ, ಬೇವು ಮತ್ತು ಅರಳಿ ಹಳೆಯ ಎಲೆ ಉದುರಿಸಿದ ಕೆಲವೇ ದಿನಗಳಲ್ಲಿ ಹೊಸದನ್ನು ತೊಡುತ್ತವೆ. ಅದೇ ನೆಲದಲ್ಲಿ, ಅದೇ ಬಿಸಿಲಿನಲ್ಲಿ ನಿಂತ ತೇಗ ಮತ್ತು ದಿಂಡಿಗ ಮಾತ್ರ ಮೇ ತಿಂಗಳ ಮಳೆಯವರೆಗೂ ಬರಿಯ ಕೊಂಬೆಗಳಾಗಿ ಕಾಯುತ್ತವೆ.

ಮಳೆಯಿಲ್ಲದೆ ಚಿಗುರುವ ಮರಗಳಿಗೆ ನೀರು ಎಲ್ಲಿಂದ ಬರುತ್ತದೆ? ಚಿಗುರುವ ಹೊತ್ತಾಯಿತೆಂದು ಅವಕ್ಕೆ ತಿಳಿಸುವುದು ಯಾವುದು? ಒಂದೇ ಕಾಡಿನ ಮರಗಳು ಇಷ್ಟು ಬೇರೆ ಬೇರೆಯಾಗಿ ನಡೆದುಕೊಳ್ಳಲು ಕಾರಣವೇನು? ಮಕ್ಕಳಿಗೆ ವಿವರಿಸಬಹುದಾದ ರೀತಿಯಲ್ಲಿ ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ಬೇರು ಬಿಳಲು

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಒಣಕಾಡುಗಳ ಅಧ್ಯಯನದಲ್ಲಿ ಬಹಳ ಕಾಲ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆಯನ್ನೇ. ಥಾಯ್ಲೆಂಡಿನ ಕಾಡುಗಳಲ್ಲಿ ಕೆಲಸ ಮಾಡಿದ ಎಲಿಯಟ್, ಬೇಕರ್ ಮತ್ತು ಬೋರ್ಚರ್ಟ್ ಎಂಬ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಏಷ್ಯಾದ ಮಾನ್ಸೂನ್ ಕಾಡುಗಳ ವಿರೋಧಾಭಾಸವೆಂದೇ ಕರೆದಿದ್ದಾರೆ. ನಮ್ಮಲ್ಲಿಯೂ ಇದು ಹೊಸ ಗಮನಿಕೆಯಲ್ಲ. ಬಂಡೀಪುರದ ಎಲೆಯುದುರು ಕಾಡಿನ ಋತುಚಕ್ರದ ಬಗ್ಗೆ ನರೇಂದ್ರ ಪ್ರಸಾದ್ ಮತ್ತು ಮಾಲತಿ ಹೆಗಡೆಯವರ ಅಧ್ಯಯನ 1986ರಷ್ಟು ಹಿಂದೆಯೇ ಪ್ರಕಟವಾಗಿದೆ. ಪಕ್ಕದ ಮುದುಮಲೆಯಲ್ಲಿ ಮುರಳಿ ಮತ್ತು ಸುಕುಮಾರ್ ಅವರು ನಡೆಸಿದ ಅಧ್ಯಯನ 1993ರಲ್ಲಿ ಹೊರಬಂತು. ಚಿಗುರುವಿಕೆಯು ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳಲ್ಲಿಯೇ ಅತಿ ಹೆಚ್ಚಾಗಿರುತ್ತದೆ ಎಂಬುದನ್ನು ಅದು ಅಂಕಿಗಳ ಸಮೇತ ತೋರಿಸಿತು. ಆದ್ದರಿಂದ ಹೊಂಗೆಯನ್ನು ಅಪವಾದವೆಂದು ಮಕ್ಕಳಿಗೆ ಹೇಳಬೇಡಿ. ಈ ಕಾಡುಗಳಲ್ಲಿ ಹೆಚ್ಚಿನ ಚಿಗುರು ಬರುವುದೇ ಮಳೆಗೆ ಮೊದಲು.

ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಉಳಿದೆಲ್ಲವೂ ಅದನ್ನೇ ಅವಲಂಬಿಸಿದೆ. ನಾವು ಮೇಲಿನಿಂದ ಕಾಣುವ ಒಣಮಣ್ಣು ಒಂದೆರಡು ಅಡಿಗಳ ಪದರವಷ್ಟೇ. ಅದರ ಕೆಳಗೆ, ಗಟ್ಟಿ ಬಂಡೆ ಸಿಗುವ ಮುನ್ನ, ಶಿಥಿಲವಾಗಿ ಪುಡಿಯಾಗುತ್ತಿರುವ ಕಲ್ಲಿನ ದಪ್ಪ ಪದರವೊಂದು ಇರುತ್ತದೆ. ಬಂಡೀಪುರದ ಮೂಲೆಹೊಳೆಯಲ್ಲಿ ಸುಮಾರು ನಾಲ್ಕು ಚದರ ಕಿಲೋಮೀಟರಿನ ಜಲಾನಯನ ಪ್ರದೇಶವೊಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಜೊತೆಯಾಗಿ ವರ್ಷಗಟ್ಟಲೆ ಅಳೆದು ನೋಡಿದಾಗ, ಮಳೆಗಾಲದಲ್ಲಿ ಇಂಗಿದ ನೀರಿನ ಗಣನೀಯ ಭಾಗ ಈ ಶಿಥಿಲ ಕಲ್ಲಿನ ಪದರದಲ್ಲಿಯೇ ಉಳಿಯುತ್ತದೆ ಮತ್ತು ಮರಗಳ ಆಳದ ಬೇರುಗಳು ಒಣಗಾಲದಲ್ಲಿ ಅದನ್ನು ಹೀರಿಕೊಳ್ಳುತ್ತವೆ ಎಂಬುದು ಕಂಡುಬಂತು. ಅಲ್ಲಿ ಅಂತರ್ಜಲಕ್ಕೆ ಸೇರುವ ನೀರು ಅಷ್ಟು ಕಡಿಮೆಯಿರುವುದಕ್ಕೆ ಮರಗಳ ಈ ಹೀರುವಿಕೆಯೂ ಒಂದು ಕಾರಣ. ಅಂದರೆ ಮಾರ್ಚ್ ತಿಂಗಳಲ್ಲಿ ಚಿಗುರುವ ಮರವು ಹಿಂದಿನ ವರ್ಷದ ಮಳೆಯನ್ನು ಖರ್ಚು ಮಾಡುತ್ತಿರುತ್ತದೆ.

ಆದರೆ ಆಳದಿಂದ ಬರುವ ನೀರು ನಿಧಾನವಾಗಿ ಬರುತ್ತದೆ. ಮುಪ್ಪಾದ ಎಲೆಗಳು ತಮ್ಮ ಪತ್ರರಂಧ್ರಗಳನ್ನು ಬಿಗಿಯಾಗಿ ಮುಚ್ಚಲಾರವು. ಅವು ಕೊಂಬೆಯ ಮೇಲಿರುವಷ್ಟು ಕಾಲ ಬೇರು ತಂದದ್ದೆಲ್ಲ ಗಾಳಿಗೆ ಹೋಗುತ್ತದೆ. ಎಲೆಗಳು ಉದುರಿದೊಡನೆ ಈ ಸೋರಿಕೆ ಹೆಚ್ಚುಕಡಿಮೆ ನಿಲ್ಲುತ್ತದೆ, ಬೇರು ಮಾತ್ರ ಸ್ವಲ್ಪಸ್ವಲ್ಪವೇ ನೀರನ್ನು ಮೇಲಕ್ಕೆ ಕಳಿಸುತ್ತಲೇ ಇರುತ್ತದೆ, ಹೀಗಾಗಿ ಕಾಂಡವು ಹೊರಗೆ ಬರಿದಾಗಿ ಕಾಣುವ ಕಾಲದಲ್ಲಿಯೇ ಒಳಗೆ ಮತ್ತೆ ತುಂಬಿಕೊಳ್ಳುತ್ತದೆ. ಕೋಸ್ಟರಿಕಾ ದೇಶದ ಗ್ವಾನಕಾಸ್ಟೆ ಪ್ರಾಂತ್ಯದ ಒಣಕಾಡಿನಲ್ಲಿ ರಾಲ್ಫ್ ಬೋರ್ಚರ್ಟ್ ಅವರು ವರ್ಷಗಳ ಕಾಲ ಕಾಂಡದೊಳಗಿನ ನೀರನ್ನು ಅಳೆದು ಈ ಕ್ರಮವನ್ನು ಸ್ಪಷ್ಟಪಡಿಸಿದರು: ಮೊದಲು ಎಲೆ ಉದುರುತ್ತದೆ, ಆಮೇಲೆ ಕಾಂಡ ನೀರು ತುಂಬಿಕೊಂಡು ಉಬ್ಬುತ್ತದೆ, ಅದರ ಬೆನ್ನಿಗೆ ಮೊಗ್ಗು ಒಡೆಯುತ್ತದೆ. ಎಲೆ ಉದುರಿಸುವುದನ್ನು ನಾವು ಸೋಲಿನಂತೆ, ನಿದ್ದೆಯಂತೆ ವರ್ಣಿಸುತ್ತೇವೆ. ನನ್ನ ಮಟ್ಟಿಗೆ ಅದು ಮುಂದಿನ ಹೂವಿಗೂ ಚಿಗುರಿಗೂ ನೀರು ಕೂಡಿಸುವ ಕೆಲಸ, ಮತ್ತು ಮಕ್ಕಳಿಗೆ ಹೇಳಬೇಕಾದ ಮುಖ್ಯ ಮಾತೂ ಅದೇ.

ಎಲ್ಲ ಮರಗಳೂ ಒಂದೇ ಪ್ರಮಾಣದಲ್ಲಿ ನೀರು ಕೂಡಿಸಲಾರವು. ಬೂರುಗದ ಮರ ಎಷ್ಟು ಹಗುರವೆಂಬುದು ಅದರಿಂದ ಮಾಡಿದ ಬೆಂಕಿಕಡ್ಡಿಯನ್ನು ಹಿಡಿದವರಿಗೆ ಗೊತ್ತು. ಆ ಮೆದು ಮರದ ತುಂಬ ನೀರಿಗೆ ಜಾಗವಿದೆ, ಹಾಗಾಗಿ ಅದು ಒಣಗಾಲದ ನಡುವೆಯೇ ದಪ್ಪ ದಳಗಳ ದೊಡ್ಡ ಹೂಗಳನ್ನು ಅರಳಿಸಬಲ್ಲದು. ದಿಂಡಿಗದ ಮರ ಭಾರವಾದದ್ದು, ಗಟ್ಟಿಯಾದದ್ದು, ಅದರೊಳಗೆ ನೀರಿಗೆ ಜಾಗ ಕಡಿಮೆ. ಇಂಥ ಗಟ್ಟಿ ಮರಗಳು ಒಣ ದಿಣ್ಣೆಗಳ ಮೇಲೆ ನಿಂತಿದ್ದರೆ ಮಣ್ಣು ನೆನೆಯುವವರೆಗೂ ಕಾಯಲೇಬೇಕಾಗುತ್ತದೆ. ಅದೇ ಜಾತಿಯ ಮರ ಹಳ್ಳದ ಅಂಚಿನಲ್ಲಿದ್ದರೆ ವಾರಗಳಷ್ಟು ಮುಂಚೆ ಚಿಗುರಬಹುದು. ಹೊಂಗೆಯು ಸ್ವಭಾವತಃ ಹಳ್ಳ ಹೊಳೆಗಳ ದಂಡೆಯ ಮರವೆಂಬುದನ್ನು ನಿಮ್ಮ ವಿದ್ಯಾರ್ಥಿನಿಗೆ ನೆನಪಿಸಬಹುದು.

ಉತ್ತರ ಭಾರತದ ವಿಂಧ್ಯ ಪ್ರದೇಶದ ಒಣಕಾಡುಗಳಲ್ಲಿ ಕುಶ್ವಾಹ ಮತ್ತು ಸಿಂಗ್ ಎಂಬ ವಿಜ್ಞಾನಿಗಳು ಮರಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಹಳೆಯ ಎಲೆ ಉದುರುತ್ತಿರುವಾಗಲೇ ಹೊಸದನ್ನು ತಳೆದು ಎಂದೂ ಪೂರ್ತಿ ಬೋಳಾಗದವು ಒಂದು ಗುಂಪು. ಎರಡು ತಿಂಗಳಿಗಿಂತ ಕಡಿಮೆ ಕಾಲ, ಎರಡರಿಂದ ನಾಲ್ಕು ತಿಂಗಳು, ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬೋಳಾಗಿರುವವು ಇನ್ನುಳಿದ ಮೂರು. ನಿಮ್ಮ ಊರಿನ ಮರಗಳನ್ನು ಮಕ್ಕಳಿಂದ ಹೀಗೆ ಗುಂಪು ಮಾಡಿಸಿ ನೋಡಿ. "ಎಲೆಯುದುರು ಮರ" ಎಂಬ ಒಂದೇ ಹೆಸರಿನಡಿ ಎಷ್ಟು ಬಗೆಯ ಬದುಕುಗಳಿವೆ ಎಂಬುದು ಅವರಿಗೇ ಕಾಣುತ್ತದೆ.

ಇನ್ನು ಹೊತ್ತು ತಿಳಿಸುವ ಸಂಗತಿ. ಬಂಡೀಪುರದ ಅಕ್ಷಾಂಶದಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 25 ನಿಮಿಷ, ಜೂನ್ ತಿಂಗಳ ಅತಿ ದೊಡ್ಡ ಹಗಲು ಸುಮಾರು 12 ಗಂಟೆ 50 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆಯಷ್ಟೂ ಇಲ್ಲವಾದ್ದರಿಂದ ಉಷ್ಣವಲಯದ ಮರಗಳು ಹಗಲಿನ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾರವು ಎಂದೇ ಹಿಂದೆ ನಂಬಲಾಗಿತ್ತು. ಬೋರ್ಚರ್ಟ್ ಮತ್ತು ರಿವೇರಾ 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಸಡಿಲಿಸಿತು. ಅರ್ಧ ಗಂಟೆ ಅಥವಾ ಅದಕ್ಕಿಂತ ಕಡಿಮೆ ಬದಲಾವಣೆಗೂ ಕೆಲವು ಜಾತಿಗಳ ಮೊಗ್ಗುಗಳು ಓಗೊಡುತ್ತವೆ. ಮಳೆ ಒಂದು ವರ್ಷ ಬೇಗ ಬಂದೀತು, ಇನ್ನೊಂದು ವರ್ಷ ತಡವಾದೀತು, ಆದರೆ ಹಗಲು ಬೆಳೆಯುವ ಕ್ರಮ ತಪ್ಪುವುದಿಲ್ಲ. ಒಂದೇ ಜಾತಿಯ ಮರಗಳೆಲ್ಲವೂ ಪ್ರತಿವರ್ಷ ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಚಿಗುರುವುದಾದರೆ ಹಗಲಿನ ಉದ್ದವನ್ನೇ ಮೊದಲು ಶಂಕಿಸಬೇಕು. ವರ್ಷದಿಂದ ವರ್ಷಕ್ಕೆ ದಿನಾಂಕ ಬದಲಾಗುತ್ತ ಮಳೆಯನ್ನು ಹಿಂಬಾಲಿಸುವುದಾದರೆ ಮಳೆಯನ್ನು.

ನಮ್ಮ ರಸ್ತೆಗಳ ಗುಲ್‌ಮೊಹರ್ ಮರ ಇದಕ್ಕೆ ಪೂರಕವಾದ ಸಾಕ್ಷಿ. ಅದು ಮಡಗಾಸ್ಕರ್ ದ್ವೀಪದ ಒಣಕಾಡಿನದು. ನಮ್ಮಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹೂ ಬಿಡುವ ಅದೇ ಮರ ದಕ್ಷಿಣ ಗೋಳಾರ್ಧದಲ್ಲಿ ವರ್ಷದ ಕೊನೆಯ ತಿಂಗಳುಗಳಲ್ಲಿ ಅರಳುತ್ತದೆ. ಎಲ್ಲಿ ನೆಟ್ಟರೆ ಅಲ್ಲಿನ ಬಿಸಿಲಿನ ಕ್ರಮವನ್ನೇ ಅದು ಪಾಲಿಸುತ್ತದೆ.

ಕಾಫಿ ತೋಟದಾಕೆ, ಸೋಮವಾರಪೇಟೆ

ಬೇರು ಬಿಳಲು ಅವರು ಬರೆದುದನ್ನು ಓದಿದ ಮೇಲೆ, ಮಳೆಗಾಗಿಯೇ ಕಾಯುವ ಗಿಡವೊಂದರ ಬಗ್ಗೆ ಹೇಳಬೇಕೆನಿಸಿತು. ಕಾಫಿಯು ಆಫ್ರಿಕಾದ ಕಾಡುಗಳ ನೆರಳಿನ ಗಿಡ, ನಮ್ಮ ಒಣಕಾಡಿನದಲ್ಲ. ಆದರೂ ಮೊಗ್ಗು ಮತ್ತು ನೀರಿನ ಸಂಬಂಧವನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಗಿಡ ನನಗೆ ಬೇರೊಂದು ಗೊತ್ತಿಲ್ಲ.

ಕಾಫಿಯ ಮೊಗ್ಗುಗಳು ಚಳಿಗಾಲದಲ್ಲಿ ಸ್ವಲ್ಪ ಬೆಳೆದು ಅಲ್ಲಿಗೇ ನಿಂತುಬಿಡುತ್ತವೆ. ಆಮೇಲೆ ಕೆಲವು ವಾರಗಳ ಒಣಹವೆ ಅವಕ್ಕೆ ಬೇಕೇ ಬೇಕು. ಆ ಒಣಹವೆಯ ನಂತರ ಫೆಬ್ರವರಿ, ಮಾರ್ಚ್ ಅಥವಾ ಏಪ್ರಿಲ್ ತಿಂಗಳಲ್ಲಿ ಒಂದು ಇಂಚಿನಷ್ಟು, ಅಂದರೆ ಸುಮಾರು 25 ಮಿಲಿಮೀಟರ್ ಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಒಟ್ಟಿಗೆ ಬೆಳ್ಳಗಾಗುತ್ತದೆ. ನಾವು ಇದನ್ನು ಹೂಮಳೆ ಎನ್ನುತ್ತೇವೆ. ಮಳೆ ಅರ್ಧಂಬರ್ಧವಾದರೆ ಮೊಗ್ಗು ಪೂರ್ತಿ ಅರಳದೆ ಕೆಡುತ್ತದೆ, ಆದ್ದರಿಂದ ನೀರಿನ ಅನುಕೂಲವಿರುವ ರೊಬಸ್ಟಾ ಬೆಳೆಗಾರರು ಸ್ಪ್ರಿಂಕ್ಲರ್ ಹಾಕಿ ಆ ಒಂದು ಇಂಚನ್ನು ತಾವೇ ಕೊಡುತ್ತಾರೆ. ಮಣ್ಣಿನಲ್ಲಿ ಸದಾ ಹಸಿಯಿದ್ದು ಒಣಹವೆಯೇ ಸಿಗದಿದ್ದರೆ ಹೂವು ಒಂದೇ ಸಲಕ್ಕೆ ಬರದೆ ಚೂರುಚೂರಾಗಿ ಬರುತ್ತದೆ, ಕೊಯ್ಲು ಎಳೆದಾಡುತ್ತದೆ. ಹಾಗಾಗಿ ಬರಿಯ ಮಳೆಯಲ್ಲ, ಮೊದಲು ಒಣಗುವುದು ಮತ್ತು ಆಮೇಲೆ ನೆನೆಯುವುದು, ಈ ಎರಡೂ ಕ್ರಮವಾಗಿ ಆಗಬೇಕು.

ನನಗಿರುವ ಸಂದೇಹ ಇಷ್ಟು: ಒಣಕಾಡಿನಲ್ಲಿ ತಡವಾಗಿ ಚಿಗುರುವ ತೇಗ, ದಿಂಡಿಗ ಮುಂತಾದವು ಕಾಫಿಯ ಹಾಗೆ ನಿರ್ದಿಷ್ಟ ಪ್ರಮಾಣದ ಮಳೆಗೆ ಓಗೊಡುತ್ತವೆಯೇ? ಬೇಸಿಗೆಯಲ್ಲಿ ಅವುಗಳ ಬುಡಕ್ಕೆ ನೀರು ಹಾಯಿಸಿ ಯಾರಾದರೂ ಪರೀಕ್ಷಿಸಿದ್ದಾರೆಯೇ?

ಬೇರು ಬಿಳಲು

ಅಕ್ಕಾ, ಅಂಥ ಪರೀಕ್ಷೆ ನಡೆದಿದೆ. ಗ್ವಾನಕಾಸ್ಟೆಯಲ್ಲಿಯೇ ಬೋರ್ಚರ್ಟ್ ಅವರು ಒಣಗಾಲದಲ್ಲಿ ಬೋಳಾಗಿ ನಿಂತಿದ್ದ ಮರಗಳಿಗೆ ನೀರು ಹಾಯಿಸಿ, ಕಾಂಡವು ನೀರು ತುಂಬಿಕೊಂಡು ಮೊಗ್ಗು ಒಡೆಯುವುದನ್ನು ದಾಖಲಿಸಿ 1994ರಲ್ಲಿ ಪ್ರಕಟಿಸಿದ್ದಾರೆ. ಅಕಾಲಿಕವಾಗಿ ಜೋರು ಮಳೆ ಬಂದಾಗಲೂ ಅಂಥದೇ ಪರಿಣಾಮ ಕಂಡಿತ್ತು. ಈ ಗುಂಪಿನ ಮರಗಳಿಗೆ ಹಗಲಿನ ಉದ್ದಕ್ಕಿಂತ ಕಾಂಡದೊಳಗಿನ ನೀರೇ ಮುಖ್ಯ. ಬೆಂಗಳೂರಿನಲ್ಲಿ ನಾವು ಟಬೂಬಿಯ ಎಂದು ಕರೆಯುವ ಮರಗಳು ಅಂಥ ಅಮೆರಿಕನ್ ಒಣಕಾಡುಗಳ ಕಡೆಯಿಂದಲೇ ಬಂದವು. ಅವುಗಳ ಬಂಧುವೊಂದು ಕೋಸ್ಟರಿಕಾದಲ್ಲಿ ಒಣಗಾಲದ ಬಿಡಿ ಮಳೆಯ ಬೆನ್ನಿಗೆ ಹೂ ಬಿಡುವುದನ್ನು ರೈಶ್ ಮತ್ತು ಬೋರ್ಚರ್ಟ್ 1980ರ ದಶಕದ ಆರಂಭದಲ್ಲಿಯೇ ವಿವರಿಸಿದ್ದರು. ಕಾಫಿಯ ಹೂಮಳೆಗೆ ಹತ್ತಿರದ ಉದಾಹರಣೆ ಅದು.

ಮುತ್ತುಗದ ದಾರಿ

ಮೇಲಿನ ಉತ್ತರಗಳಲ್ಲಿ ನೀರಿನ ವಿಷಯ ಚೆನ್ನಾಗಿ ಬಂದಿದೆ. ಆದರೆ ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಅದರಿಂದ ಮರಕ್ಕೇನು ಪ್ರಯೋಜನ ಎಂಬುದಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ. ಹೂವಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಲು ಅನುಮತಿ ಕೋರುತ್ತೇನೆ.

ಮಧ್ಯ ಅಮೆರಿಕದ ಒಣಕಾಡಿನ ಮರಗಳು ಒಣಗಾಲದಲ್ಲಿಯೇ ಒಟ್ಟಾಗಿ ಹೂ ಬಿಡುವುದೇಕೆ ಎಂದು ಡೇನಿಯಲ್ ಜಾನ್ಜನ್ ಅವರು 1967ರಲ್ಲಿ ಪ್ರಶ್ನಿಸಿ, ಅದಕ್ಕೆ ಲಾಭದ ದೃಷ್ಟಿಯಿಂದ ಉತ್ತರ ಹುಡುಕಿದರು. ಅವರ ವಾದದ ಸಾರವನ್ನು ನಮ್ಮ ಮುತ್ತುಗಕ್ಕೆ ಹೊಂದಿಸಿ ನೋಡಬಹುದು. ಮಳೆಗಾಲದಲ್ಲಿ ಎಲೆ, ಕೊಂಬೆ, ಬೇರುಗಳನ್ನು ಬೆಳೆಸಿ ಬೆಳಕಿಗಾಗಿ ಪಕ್ಕದ ಮರಗಳೊಡನೆ ಪೈಪೋಟಿ ನಡೆಸಬೇಕು. ಆ ಹೊತ್ತಿನಲ್ಲಿ ಹೂವಿಗೆ ಶಕ್ತಿ ತೊಡಗಿಸುವುದು ದುಬಾರಿ. ಒಣಗಾಲದಲ್ಲಿ ಬೆಳವಣಿಗೆ ಹೇಗೂ ನಿಂತಿರುತ್ತದೆ. ಎಲೆಗಳ ಮರೆಯಿಲ್ಲದ ಕೇಸರಿ ಬಣ್ಣ ಬಹು ದೂರಕ್ಕೆ ಕಾಣುತ್ತದೆ, ಮಕರಂದವು ಮಳೆಯಲ್ಲಿ ತೊಳೆದುಹೋಗುವುದಿಲ್ಲ, ಪರಾಗ ನೆನೆದು ಕೆಡುವುದಿಲ್ಲ. ಮುತ್ತುಗ ಹೂ ಬಿಟ್ಟಾಗ ಆ ಮರದ ಮೇಲೆ ಮೈನಾ, ಹರಟೆಮಲ್ಲ, ಕಾಜಾಣ, ಅಳಿಲು ಎಲ್ಲವೂ ನೆರೆಯುತ್ತವೆ. ಆದರೆ ಬಂದವರೆಲ್ಲರೂ ಮರದ ಕೆಲಸ ಮಾಡುವುದಿಲ್ಲ. ಟಂಡನ್, ಶಿವಣ್ಣ ಮತ್ತು ಮೋಹನ್ ರಾಮ್ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುತ್ತುಗದ ಪರಾಗವನ್ನು ಪರಿಣಾಮಕಾರಿಯಾಗಿ ಸಾಗಿಸುವುದು ಮುಖ್ಯವಾಗಿ ನೇರಳೆ ಬಣ್ಣದ ಸೂರಕ್ಕಿ, ಜೊತೆಗೆ ಬೆನ್ನ ಮೇಲೆ ಮೂರು ಪಟ್ಟೆಗಳಿರುವ ಅಳಿಲು. ಇಷ್ಟು ಹೂ ಬಿಟ್ಟ ಮರದಲ್ಲಿ ಕೊನೆಗೆ ಕಾಯಿಯಾಗುವುದು ಬಹಳ ಸ್ವಲ್ಪ ಎಂಬುದನ್ನೂ ನೀವು ನೋಡಿರಬಹುದು.

ಇದಕ್ಕಿಂತಲೂ ದೊಡ್ಡ ಲಾಭವಿರುವುದು ಬೀಜದ ವಿಷಯದಲ್ಲಿ ಎಂಬುದು ನನ್ನ ತಿಳಿವಳಿಕೆ. ಮುತ್ತುಗದ ಕಾಯಿ ಚಪ್ಪಟೆ, ಹಗುರ, ತುದಿಯಲ್ಲಿ ಒಂದೇ ಬೀಜ. ಫೆಬ್ರವರಿ ಮಾರ್ಚ್ ತಿಂಗಳ ಹೂವಿನ ಕಾಯಿ ಮೇ ಮತ್ತು ಜೂನ್ ಹೊತ್ತಿಗೆ ಬಲಿತು ಗಾಳಿಯಲ್ಲಿ ಹಾರಿ ನೆಲಕ್ಕೆ ಬೀಳುತ್ತದೆ, ಅದರ ಹಿಂದೆಯೇ ಮಳೆ ಬೀಳುತ್ತದೆ. ಹುಟ್ಟಿದ ಸಸಿಗೆ ಮುಂದಿನ ಒಣಗಾಲಕ್ಕೆ ಮುಂಚೆ ಬೇರಿಳಿಸಲು ಇಡೀ ಮಳೆಗಾಲ ಸಿಗುತ್ತದೆ. ಬೂರುಗದ ಅರಳೆ ಹಾರುವುದೂ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ. ಒಣಕಾಡಿನ ಸಸಿಗೆ ಮೊದಲ ಬೇಸಿಗೆಯಷ್ಟು ಕಠಿಣವಾದ ಪರೀಕ್ಷೆ ಬೇರೊಂದಿಲ್ಲ. ಹೂವಿನ ದಿನಾಂಕವನ್ನು ಬಹುಮಟ್ಟಿಗೆ ಸಸಿಯ ಈ ಅಗತ್ಯವೇ ಹಿಂದಿನಿಂದ ನಿಗದಿ ಮಾಡುತ್ತದೆ ಎಂದು ನಾನು ನಂಬುತ್ತೇನೆ.

ಚಿಗುರಿನ ವಿಷಯಕ್ಕೆ ಬಂದರೆ, ಬೇರು ಬಿಳಲು ಅವರು ಉಲ್ಲೇಖಿಸಿದ ಮುದುಮಲೆಯ ಅಧ್ಯಯನದಲ್ಲಿ ಇನ್ನೊಂದು ಮುಖ್ಯವಾದ ಅಂಶವಿದೆ. ಮಳೆಗೆ ಮೊದಲು ಬಂದ ಎಲೆಗಳಿಗಿಂತ ಮಳೆ ಬಂದ ಮೇಲೆ ಚಿಗುರಿದ ಎಲೆಗಳನ್ನು ಹುಳುಗಳು ಹೆಚ್ಚಾಗಿ ತಿಂದಿದ್ದವು. ಎಳೆಯ ಎಲೆ ಮೆದುವಾದದ್ದು, ಪೌಷ್ಟಿಕವಾದದ್ದು. ಕೀಟಗಳ ಸಂಖ್ಯೆ ಮಳೆಯೊಂದಿಗೆ ಏರುವುದರಿಂದ, ಅವು ಬರುವ ಹೊತ್ತಿಗೆ ಎಲೆ ಬಲಿತು ಗಡುಸಾಗಿದ್ದರೆ ಮರಕ್ಕೆ ಕ್ಷೇಮ. ಸಾಗಡೆ ಮತ್ತು ಅರಳಿಯ ಚಿಗುರಿನ ಕೆಂಪಿಗೆ ಕಾರಣವಾದ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಎಳೆಯ ಎಲೆಯನ್ನು ಬಿರುಬಿಸಿಲಿನಿಂದ ಕಾಪಾಡುತ್ತದೆ ಎಂದೂ, ಕೀಟಗಳನ್ನು ದೂರವಿಡಲು ನೆರವಾಗುತ್ತದೆ ಎಂದೂ ಎರಡು ವಿವರಣೆಗಳಿವೆ. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕೆಂದಿಲ್ಲ.

ಶಿರಸಿಯ ಓದುಗ

ಚರ್ಚೆಗೆ ಒಂದು ಸಣ್ಣ ಸೇರ್ಪಡೆ, ಜೊತೆಗೆ ಒಂದು ಆಕ್ಷೇಪ. ಮಳೆಗೆ ಮೊದಲು ಚಿಗುರುವುದು ಒಣಕಾಡಿಗೆ ಮಾತ್ರ ಸೀಮಿತವಾದ ಗುಣವಲ್ಲ. ನಮ್ಮ ಉತ್ತರ ಕನ್ನಡದ ಹೆಚ್ಚು ಮಳೆ ಬೀಳುವ ಕಾಡುಗಳ ಬಗ್ಗೆ ಡಿ. ಎಂ. ಭಟ್ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಮುಂಗಾರಿಗೆ ಮುಂಚಿನ ತಿಂಗಳುಗಳೇ ಚಿಗುರಿಗೂ ಹೂವಿಗೂ ಮುಖ್ಯ ಕಾಲವಾಗಿ ಕಾಣುತ್ತವೆ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದು ಬಿಸಿಲೇ ಅಪರೂಪವಾಗುತ್ತದೆ. ಆದ್ದರಿಂದ ಕೀಟಗಳ ಕಾರಣವನ್ನು ಒಪ್ಪಿಯೂ, ಬೆಳಕಿನ ಕಾರಣವನ್ನು ಅದಕ್ಕಿಂತ ಹಿಂದಕ್ಕೆ ತಳ್ಳಬಾರದೆಂದು ನನಗೆ ತೋರುತ್ತದೆ. ಮೋಡ ಕವಿಯುವ ಮುನ್ನ ಹೊಸ ಎಲೆ ಸಿದ್ಧವಾಗಿದ್ದರೆ, ಏಪ್ರಿಲ್ ಮೇ ತಿಂಗಳ ಬಿಸಿಲೂ ಆಗಿನ ಬಿಡಿ ಮಳೆಗಳ ತೇವವೂ ಎರಡೂ ಮರಕ್ಕೆ ದಕ್ಕುತ್ತವೆ.

ಹಂಗಳದ ಶಿಕ್ಷಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿಂದಿನ ವರ್ಷದ ಮಳೆಯನ್ನು ಮರ ಈ ವರ್ಷ ಖರ್ಚು ಮಾಡುತ್ತದೆ ಎಂಬ ಮಾತನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಬಹಳ ಹೊತ್ತು ಅದನ್ನೇ ಚರ್ಚಿಸಿದರು. ಅವರಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಮೊದಲನೆಯದು: ಒಣಗಾಲದಲ್ಲಿ ಹೂ ಬಿಡುವುದರಿಂದ ಅಷ್ಟು ಲಾಭವಿದೆಯೆಂದಾದರೆ ತೇಗವು ಜುಲೈ ಆಗಸ್ಟ್ ತಿಂಗಳ ಮಳೆಯಲ್ಲಿ ಏಕೆ ಹೂ ಬಿಡುತ್ತದೆ? ಹೊನ್ನೆ, ದಿಂಡಿಗ ಮುಂತಾದವೂ ಎಲೆಯಿರುವಾಗಲೇ ಹೂ ಬಿಡುತ್ತವಲ್ಲ? ಎರಡನೆಯದು: ಕಕ್ಕೆ ಮರ ಈಗೀಗ ಹೊತ್ತಲ್ಲದ ಹೊತ್ತಿನಲ್ಲಿ ಹೂ ಬಿಡುತ್ತಿದೆ ಎಂದು ಊರಿನ ಹಿರಿಯರು ಹೇಳುತ್ತಾರೆ. ಇದು ಹವಾಮಾನ ಬದಲಾವಣೆಯಿಂದಲೇ ಎಂದು ಮಕ್ಕಳಿಗೆ ಹೇಳಬಹುದೇ?

ಬೇರು ಬಿಳಲು

ತೇಗದ ಪ್ರಶ್ನೆಗೆ ಉತ್ತರ ಅದರ ಕೊಂಬೆಯಲ್ಲಿಯೇ ಇದೆ. ಮುತ್ತುಗದ ಹೂಗೊಂಚಲು ಹಿಂದಿನ ಮಳೆಗಾಲದಲ್ಲಿ ಬೆಳೆದು ಎಲೆ ಕಳಚಿದ ಕೊಂಬೆಯ ಮೇಲೆ ಮೂಡುತ್ತದೆ. ಅದಕ್ಕೆ ಹೊಸ ರೆಂಬೆ ಬೇಕಿಲ್ಲ. ತೇಗದ ಹೂಗೊಂಚಲು ಹುಟ್ಟುವುದು ಆ ವರ್ಷವೇ ಬೆಳೆದ ರೆಂಬೆಯ ತುದಿಯಲ್ಲಿ. ರೆಂಬೆ ಬರದೆ ಹೂ ಬರುವಂತಿಲ್ಲ. ತೇಗದ ಎಲೆಗಳೋ ಮೊಳದುದ್ದವಿರುತ್ತವೆ, ಅಷ್ಟು ಅಗಲದ ಹಾಳೆಗಳನ್ನು ಹರಡಿ ನಿಲ್ಲಲು ಧಾರಾಳವಾಗಿ ನೀರು ಬೇಕು, ಹಾಗಾಗಿ ಅದು ಮಣ್ಣು ನೆನೆಯುವವರೆಗೆ ಕಾಯುತ್ತದೆ. ಕತ್ತರಿಸಿದ ತೇಗದ ದಿಮ್ಮಿಯಲ್ಲಿ ವರ್ಷದ ಉಂಗುರಗಳು ಅಷ್ಟು ಸ್ಪಷ್ಟವಾಗಿ ಕಾಣುವುದಕ್ಕೂ ಇದೇ ಹಿನ್ನೆಲೆ: ಪ್ರತಿ ಬೆಳವಣಿಗೆಯ ಕಾಲದ ಆರಂಭದಲ್ಲಿ ಅದು ಅಗಲವಾದ ನೀರಿನ ನಾಳಗಳ ಸಾಲೊಂದನ್ನು ಹೊಸದಾಗಿ ಕಟ್ಟುತ್ತದೆ. ಹತ್ತಿರದಲ್ಲಿ ಸಾಮಿಲ್ ಇದ್ದರೆ ಮಕ್ಕಳಿಗೆ ಒಂದು ಹಲಗೆಯ ತುದಿಯನ್ನು ತೋರಿಸಿ.

ಹೀಗೆ ಮಳೆಯಲ್ಲಿ ಹೂ ಬಿಟ್ಟ ತೇಗದ ಕಾಯಿ ಚಳಿಗಾಲದಲ್ಲಿ ಬಲಿಯುತ್ತದೆ, ಅಂದರೆ ಮಳೆ ಮುಗಿದ ಮೇಲೆ. ಮುತ್ತುಗದ ದಾರಿಯವರು ಹೇಳಿದ ಅನುಕೂಲ ಅದಕ್ಕಿಲ್ಲ. ಆದರೆ ತೇಗದ ಬೀಜವು ಗಟ್ಟಿಯಾದ ಗೊರಟೆಯೊಳಗೆ ಸುಪ್ತವಾಗಿದ್ದು ಮುಂದಿನ ಮಳೆಗಾಲವನ್ನು, ಕೆಲವೊಮ್ಮೆ ಅದರ ನಂತರದ್ದನ್ನೂ ಕಾಯಬಲ್ಲದು. ನರ್ಸರಿಯವರು ತೇಗದ ಬೀಜವನ್ನು ನೆನೆಸಿ ಒಣಗಿಸಿ, ನೆನೆಸಿ ಒಣಗಿಸಿ ಬಿತ್ತುವುದು ಈ ಕಾರಣಕ್ಕೆ. ಹೊನ್ನೆಯ ರೆಕ್ಕೆಯಿರುವ ಕಾಯಿಗೂ ಬಲಿತ ಮೇಲೆ ಒಣಗಾಲದ ಗಾಳಿ ಸಿಗುತ್ತದೆ. ಬೀಜ ಬೀಳುವ ಹೊತ್ತನ್ನು ಮಳೆಗೆ ಹೊಂದಿಸುವುದು ಒಂದು ದಾರಿ, ಬಿದ್ದ ಬೀಜ ಮಳೆಗೆ ಕಾಯುವಂತೆ ಮಾಡುವುದು ಇನ್ನೊಂದು ದಾರಿ.

ಕಕ್ಕೆಯ ಬಗ್ಗೆ ಎಚ್ಚರಿಕೆಯಿಂದ ಮಾತನಾಡಬೇಕೆಂದು ವಿನಂತಿಸುತ್ತೇನೆ. ಹಿರಿಯರ ನೆನಪಿಗೆ ಬೆಲೆಯಿದೆ, ಆದರೆ ಅವರು ನೋಡುವ ಕಕ್ಕೆಗಳಲ್ಲಿ ಹಲವು ರಸ್ತೆಬದಿಯವು, ಕೆಲವಕ್ಕೆ ತೋಟದ ನೀರು ಹಾಯುತ್ತದೆ. ಅಕಾಲದ ಮಳೆಯ ನಂತರ ಕೆಲವು ರೆಂಬೆಗಳಲ್ಲಿ ಮಾತ್ರ ಹೂ ಬರುವುದೂ ಉಂಟು. ಒಂದೆರಡು ವರ್ಷಗಳ, ಒಂದೆರಡು ಮರಗಳ ಹೂವಿನಿಂದ ಹವಾಮಾನದ ಬಗ್ಗೆ ತೀರ್ಪು ಕೊಡಲಾಗದು. ದೀರ್ಘಕಾಲದ ದಾಖಲೆಗಳಿಗೆ ಇಷ್ಟು ಮಹತ್ವವಿರುವುದು ಇದಕ್ಕಾಗಿಯೇ. ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಅಲ್ಲಿನ ಒಂದು ಸೆಂಟಿಮೀಟರಿಗಿಂತ ದಪ್ಪದ ಪ್ರತಿಯೊಂದು ಕಾಂಡಕ್ಕೂ ಸಂಖ್ಯೆ ಕೊಟ್ಟು, ಅಂದಿನಿಂದ ಅವುಗಳ ಬದುಕು ಸಾವುಗಳನ್ನು ಬರೆದಿಡುತ್ತ ಬಂದಿದ್ದಾರೆ. ಆ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಆಳದ ನೀರನ್ನು ನಂಬಿದ ಮರಗಳು ಸಾಮಾನ್ಯ ಬೇಸಿಗೆಗಳನ್ನೂ ಚಿಕ್ಕ ಬರಗಳನ್ನೂ ಸುಲಭವಾಗಿ ದಾಟುತ್ತವೆ; ಆದರೆ ವರ್ಷದ ಮೇಲೆ ವರ್ಷ ಬರ ಬಂದು ಆ ಆಳದ ಪದರ ಮತ್ತೆ ತುಂಬದೆ ಹೋದಾಗ ಹೆಚ್ಚು ಪೆಟ್ಟು ತಿಂದವು ಅವೇ. ಮಳೆಗೆ ಮೊದಲು ಧೈರ್ಯವಾಗಿ ಚಿಗುರುವ ಮರಗಳ ಬಲವೂ ದೌರ್ಬಲ್ಯವೂ ಒಂದೇ ಕಡೆ ಇದೆ ಎಂದಾಯಿತು. ಹವಾಮಾನ ಬದಲಾವಣೆಯ ಬಗ್ಗೆ ಮಕ್ಕಳೊಡನೆ ಮಾತನಾಡುವುದಾದರೆ ಕಕ್ಕೆಯ ಒಂದು ಅಕಾಲದ ಗೊಂಚಲಿಗಿಂತ ಇದು ಹೆಚ್ಚು ಗಂಭೀರವಾದ ವಿಷಯ.

ಶಾಲೆಯಲ್ಲಿ ಮಾಡಬಹುದಾದ ಕೆಲಸವೊಂದಿದೆ. ನಾಗರಿಕರಿಂದಲೇ ಮರಗಳ ಋತುಚಕ್ರವನ್ನು ದಾಖಲಿಸುವ ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಶಾಲೆಗಳು ಸೇರಬಹುದು. ಪ್ರತಿ ವಾರ ಅದೇ ಮರವನ್ನು ನೋಡಿ ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ, ಹಣ್ಣು ಇವು ಇಲ್ಲವೋ, ಸ್ವಲ್ಪ ಇವೆಯೋ, ತುಂಬ ಇವೆಯೋ ಎಂದು ಬರೆದರೆ ಸಾಕು. ಹೊಂಗೆ, ಬೇವು, ಮುತ್ತುಗ, ಕಕ್ಕೆ, ತೇಗ, ದಿಂಡಿಗ ಇವುಗಳಲ್ಲಿ ಪ್ರತಿಯೊಂದರಿಂದಲೂ ಕೆಲವು ಮರಗಳನ್ನು ಆರಿಸಿ, ಒಂದೊಂದನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ಒಪ್ಪಿಸಿ. ಸಾಧ್ಯವಾದರೆ ಒಂದೇ ಜಾತಿಯಲ್ಲಿ ಹಳ್ಳದ ಬದಿಯದೊಂದು, ದಿಣ್ಣೆಯ ಮೇಲಿನದೊಂದು ಇರಲಿ. ತೋಟದ ನೀರು ಹಾಯುವ ಮರಗಳನ್ನು ಬಿಟ್ಟುಬಿಡಿ, ಇಲ್ಲವೇ ಹಾಗೆಂದು ಗುರುತು ಹಾಕಿ. ಶಾಲೆಯಲ್ಲಿ ಮಳೆಮಾಪಕವೊಂದನ್ನು ಇಟ್ಟು ಅಶ್ವಿನಿ, ಭರಣಿ ಮಳೆಗಳ ಪ್ರಮಾಣವನ್ನು ಬರೆಯುವಾಗ ಹಿಂದಿನ ವರ್ಷದ ಮುಂಗಾರು ಮತ್ತು ಹಿಂಗಾರುಗಳ ಮೊತ್ತವನ್ನೂ ಅದೇ ಪುಟದಲ್ಲಿ ಸೇರಿಸಿ, ಏಕೆಂದರೆ ದಿಂಡಿಗದ ಚಿಗುರಿಗೆ ಭರಣಿಯ ಲೆಕ್ಕ ಬೇಕಾದರೆ ಹೊಂಗೆಯ ಚಿಗುರಿಗೆ ಬೇಕಾಗುವುದು ಹಿಂದಿನ ವರ್ಷದ ಲೆಕ್ಕ.

ಮುತ್ತುಗದ ದಾರಿ

ಮೇಷ್ಟ್ರೇ, ಮುತ್ತುಗದ ಮರಗಳನ್ನು ಆರಿಸುವಾಗ ಕೊಂಬೆ ಕಡಿಯದ ಮರಗಳನ್ನೇ ನೋಡಿ. ಊಟದೆಲೆಗಾಗಿ ಸೊಪ್ಪು ಕೊಯ್ಯುವ ಮರಗಳು ಬೇರೆ ಹೊತ್ತಿನಲ್ಲಿಯೂ ಚಿಗುರುವುದುಂಟು, ಅವುಗಳ ದಿನಾಂಕ ಉಳಿದ ಮರಗಳ ದಿನಾಂಕದೊಂದಿಗೆ ಬೆರೆತರೆ ದಾಖಲೆ ಗೊಂದಲವಾಗುತ್ತದೆ. ಮಕ್ಕಳು ಮೊದಲ ವರ್ಷ ಬರೆದದ್ದನ್ನು ಇಲ್ಲಿ ಹಂಚಿಕೊಂಡರೆ, ಮೈಸೂರಿನ ಕಡೆಯ ಕೆಲವು ಮುತ್ತುಗದ ಮರಗಳ ಬಗ್ಗೆ ನಾನು ಇಟ್ಟಿರುವ ಟಿಪ್ಪಣಿಗಳನ್ನು ಅವರ ದಿನಾಂಕಗಳ ಪಕ್ಕದಲ್ಲಿಟ್ಟು ಹೋಲಿಸಲು ಸಿದ್ಧನಿದ್ದೇನೆ.